ಬಂಗಡೆಯದೇನೂ ತಪ್ಪಿರಲಿಲ್ಲ

ಯಾರನ್ನೂ ನಂಬದ ನನ್ನ ಅಪ್ಪಾ,

ಮೊದಲ ಸಲ ವಾಂತಿಯಾದ ಸಂಜೆ ನೆನಪಿದೆಯಾ? ನೀನು ಕುಡಿದದ್ದು ಒಂದೇ ಗ್ಲಾಸು ಫೆನಿ. ಮುಖ ಕೆಂಪಗಾಯಿತು, ಎದೆ ಹೊಡೆದುಕೊಳ್ಳತೊಡಗಿತು, ಜಗುಲಿಯಲ್ಲೇ ಕಾರಿಕೊಂಡೆ. "ಬಂಗಡೆ ಕೆಟ್ಟಿತ್ತು" ಎಂದೆ. ಕಾರವಾರದ ಕಡಲಲ್ಲಿ ಜೀವಮಾನವೆಲ್ಲ ಬಲೆ ಎಳೆದವನು ನೀನು, ಮೀನು ಬಿಟ್ಟೆ, ಫೆನಿ ಬಿಡಲಿಲ್ಲ! ಆಮೇಲೆ ಫೆನಿ ಮಾರುವವನ ಮೇಲೆ ಅನುಮಾನ. ಅಂಕೋಲೆಯವರೆಗೆ ಹೋಗಿ ಬೇರೆ ಬಾಟಲಿ ತಂದೆ. ಅದೂ ಕೈಕೊಟ್ಟಿತು.

ಒಂದು ಮಧ್ಯಾಹ್ನ ಆಯಿ ಬಡಿಸಿದ ತಟ್ಟೆಯನ್ನು ಮೂಸಿ ನೋಡಿ ದೂಡಿದೆಯಲ್ಲ. "ಎಂತ ಹಾಕಿದ್ಯೆ ಇದ್ಕೆ? ನನ್ನ ಕೊಲ್ಲೂಕೆ ನೋಡ್ತ್ಯಾ?" ಆಯಿ ತಮಾಷೆಯೆಂದುಕೊಂಡು ನಕ್ಕಳು. ನೀನು ನಗಲಿಲ್ಲ. "ಪ್ರೇಮಾ, ಇನ್ನು ನೀನೇ ಬಡ್ಸು. ನಿನ್ನೊಬ್ಳನ್ನೇ ನಂಬೂದು ನಾನು" ಎಂದೆ.

ಯಾರನ್ನು ನಂಬಿದೆ ಅಪ್ಪಾ? ದಿನಾ ಬೆಳಿಗ್ಗೆ ನಿನ್ನ ಗಂಜಿಗೆ ಮಾತ್ರೆ ಪುಡಿ ಮಾಡಿ ಹಾಕುತ್ತಿದ್ದವಳು ನಾನು.

ಹಬ್ಬುವಾಡದ ಡಾಕ್ಟರ ಹತ್ತಿರ ಹೋದದ್ದನ್ನು ಆಯಿಗೂ ಹೇಳಿರಲಿಲ್ಲ. ಡೈಸಲ್ಫಿರಾಮ್ ಅಂತ ಮಾತ್ರೆಯ ಹೆಸರು. ಕುಡಿತ ಬಿಡಬೇಕೆಂದು ತಾವೇ ಮನಸ್ಸು ಮಾಡಿದವರಿಗೆ ಕೊಡುತ್ತಾರಂತೆ. ಅದು ಮೈಯಲ್ಲಿರುವಾಗ ಕುಡಿದರೆ ದೇಹಕ್ಕೆ ಹೆಂಡವನ್ನು ಪೂರ್ತಿ ಅರಗಿಸಲಾಗದೆ, ಕುಡಿದದ್ದೇ ವಿಷವಾಗುತ್ತದೆ. "ತಂದೆಯವರನ್ನ ಕರ್ಕೊಂಡು ಬನ್ನಿ. ಅವರಿಗೆ ತಿಳಿಸದೆ ಕೊಟ್ರೆ ಜೀವಕ್ಕೇ ಅಪಾಯ" ಎಂದರು. ನೀನು ಬರುವ ಪೈಕಿಯಾ? ನಾನೇ ಹೇಗೋ ಬೇರೆ ಕಡೆಯಿಂದ ಮಾತ್ರೆ ಸಂಪಾದಿಸಿದೆ. ಎಲ್ಲಾದರೂ ಒಂದು ದಿನ ನೀನು ಹೆಚ್ಚು ಕುಡಿದು…

ನಾಲ್ಕು ತಿಂಗಳಲ್ಲಿ ನೀನು ಹೆದರಿ ಕುಡಿತ ಬಿಟ್ಟೆ. ನಾನೂ ಮಾತ್ರೆ ನಿಲ್ಲಿಸಿದೆ. ನಿನ್ನ ಸಂಶಯ ಮಾತ್ರ ನಿಲ್ಲಲಿಲ್ಲ. ಮೂರು ವರ್ಷ, ಎದೆನೋವು ಬಂದು ನೀನು ಹೋಗುವ ದಿನದವರೆಗೂ, ಆಯಿಯ ಕೈಯಿಂದ ತೊಟ್ಟು ನೀರು ಮುಟ್ಟಲಿಲ್ಲ. ಪಾಪ, ಅವಳು ಏನು ತಪ್ಪು ಮಾಡಿದೆನೆಂದು ನನ್ನನ್ನೇ ಕೇಳುತ್ತಿದ್ದಳು. ನಿಜ ಹೇಳಿದರೆ ನೀನು ಮತ್ತೆ ಬಾಟಲಿ ಹಿಡಿಯುತ್ತೀಯೇನೋ ಎಂದು ನಾನು ಬಾಯಿ ಮುಚ್ಚಿಕೊಂಡೆ. ನಿನ್ನನ್ನು ನಾನೂ ನಂಬಲಿಲ್ಲ, ನಿನ್ನದೇ ಮಗಳಲ್ಲವಾ? ಈಗ ನಾಚಿಕೆಯಾಗುತ್ತದೆ.

ಆಯಿ ನಿನಗೆ ಏನನ್ನೂ ಹಾಕಿರಲಿಲ್ಲ ಅಪ್ಪಾ. ನಿನ್ನೆ ಅವಳಿಗೂ ಎಲ್ಲ ಹೇಳಿದೆ. ಇವತ್ತು ಬೆಳಿಗ್ಗೆ ಚಹಾ ಮಾಡಿ ಅವಳ ಮುಂದಿಟ್ಟೆ. ಚಹಾ ನೋಡಿದಳು, ನನ್ನ ಮುಖ ನೋಡಿದಳು. ಎದ್ದು ಒಳಗೆ ಹೋಗಿ ತನ್ನ ಚಹಾ ತಾನೇ ಮಾಡಿಕೊಂಡಳು.

ನಿನ್ನ
ಪ್ರೇಮಾ