‘ಬಿಟ್ಟೀನಿ’ ಅಂದ ಮಾತು

ಶಹಾಬಾದ
ಫಸಲಿ ೧೩೪೭, ದೈ ತಿಂಗಳು ೧೪

ಕಣ್ಮಣಿ ಜುಲೇಖಾಗೆ ನಿನ್ನ ಅಮ್ಮಿಯ ನೂರು ದುವಾ.

ನಿನ್ನ ಕಾಗದ ಬಂತು. ಅದು ಮಗಳ ಕಾಗದವೋ ಕಚೇರಿಯ ಸಮನ್ಸೋ ತಿಳಿಯಲಿಲ್ಲ. ನಿನ್ನ ಕೆಮ್ಮು ಹೇಗಿದೆ, ಊಟ ಸೇರುತ್ತದೆಯೇ, ಒಂದು ಸಾಲೂ ಇಲ್ಲ. “ಅಬ್ಬಾ ಕೊಟ್ಟ ಫತ್ವಾ ತಾವೇ ಹಿಂದಕ್ಕೆ ತೆಗೆದುಕೊಂಡರಂತೆ, ಚಿಂಚೋಳಿಯ ಹೆಂಗಸರು ನಗುತ್ತಿದ್ದಾರೆ, ಅತ್ತೆಯ ಮುಂದೆ ತಲೆ ಎತ್ತದಂತಾಗಿದೆ” ಎಂದು ಮಾತ್ರ ಬರೆದಿದ್ದೀಯ. ಹೌದು ಮಗಳೇ, ತೆಗೆದುಕೊಂಡರು. ನಡೆದದ್ದನ್ನು ಬರೆಯುತ್ತೇನೆ. ನಿನ್ನ ಅತ್ತೆಗೂ ಗಟ್ಟಿಯಾಗಿ ಓದಿ ಹೇಳು.

ನಿನ್ನ ಅಬ್ಬಾ ಕೆಲಸ ಮಾಡುವ ರೀತಿ ನಿನಗೆ ಗೊತ್ತೇ ಇದೆ. ಪ್ರಶ್ನೆ ಉರ್ದುವಿನಲ್ಲಿ ಬರೆದುಕೊಂಡು ಬರಬೇಕು, ಶರೀಯತ್ತಿನ ಉತ್ತರ ಅದೇ ಕಾಗದದ ಕೆಳಗೆ ಹೋಗಬೇಕು. ಅದರ ನಡುವೆ ಅರಬ್ಬಿ ಕಿತಾಬುಗಳು ಹಾಸಿಗೆಯ ತುಂಬ ಹರಡಿ ನನಗೆ ಕೂರಲು ಜಾಗವಿರುವುದಿಲ್ಲ. ಹೈದರಾಬಾದಿನಲ್ಲಿ ಹನ್ನೊಂದು ವರ್ಷ ಓದಿದ ಮನುಷ್ಯ. ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಕನ್ನಡ ಮಾತ್ರ ಸಂತೆಯಷ್ಟೇ ಬರುತ್ತದೆ. ಬದನೆಕಾಯಿ ಕೊಳ್ಳಲು ಸಾಕು, ಒಂದು ಮನೆ ಉಳಿಸಲು ಸಾಲದು.

ಭಂಕೂರದಲ್ಲಿ ಹಾಜಿಮಲಂಗ್ ಎಂಬ ಕಲ್ಲು ಒಡೆಯುವವನಿದ್ದಾನೆ. ಅವನ ಹೆಂಡತಿ ಲಾಲಬಿ ಐದು ತಿಂಗಳ ಬಸುರಿ. ಒಲೆಯ ಕಲ್ಲು ಕೀಳಲು ಗಂಡನ ಹೊಸ ಉಳಿ ತೆಗೆದುಕೊಂಡು, ಅದರ ಮೊನೆ ಮುರಿದಳು. ಅವನು ಮನೆ ಹಾರಿಹೋಗುವಂತೆ ಕೂಗಾಡಿದ, ಅವಳು ಮೂಲೆ ಹಿಡಿದು ಅತ್ತಳು. ಕೊನೆಗೆ ಅವನು “ಬಿಟ್ಟೀನಿ, ಬಿಟ್ಟೀನಿ, ಬಿಟ್ಟೀನಿ” ಎಂದ. ಅಷ್ಟು ಹೊತ್ತಿಗೆ ಅವಳ ಅಣ್ಣ ಬಂದೇಅಲಿ ಬಾಗಿಲಿಗೆ ಬಂದಿದ್ದ. ಅವನು ವಾಡಿಯಲ್ಲಿ ಅರ್ಜಿ ಬರೆದುಕೊಡುವವ, ದೀನ್-ಧರ್ಮಕ್ಕೆ ಹೆದರುವ ಮನುಷ್ಯ. ಮೂರು ಸಲ ಬಿಟ್ಟೆ ಅಂದಮೇಲೆ ತಲಾಖ್ ಆಯಿತು, ಇನ್ನು ಈ ಮನೆಯ ನೀರು ಕುಡಿದರೂ ಪಾಪ ಎಂದು ತಂಗಿಯನ್ನು ಅವತ್ತೇ ವಾಡಿಗೆ ಕರೆದೊಯ್ದ.

ಮರುದಿನ ಪ್ರಶ್ನೆ ಬರೆದುಕೊಂಡು ನಮ್ಮ ಮನೆಗೆ ಬಂದ. ಬೆನ್ನಿಗೇ ಮಲಂಗನೂ ಬಂದ. ಕಾಗದದಲ್ಲಿ ಮುತ್ತಿನಂಥ ಉರ್ದು: ಗಂಡನು ಸಿಟ್ಟಿನಲ್ಲಿ ಹೆಂಡತಿಗೆ ಮೂರು ಸಲ ‘ಛೋಡ್ ದಿಯಾ’ ಎಂದಿದ್ದಾನೆ, ಹುಕುಂ ಏನು? ಆದರೂ ನಿನ್ನ ಅಬ್ಬಾ ಕಾಗದವನ್ನಷ್ಟೇ ನಂಬಲಿಲ್ಲ. ತಮ್ಮ ಸಂತೆಯ ಕನ್ನಡದಲ್ಲಿ, ಮೂರು ಬೆರಳೆತ್ತಿ, ಬಿಟ್ಟೆ ಅಂದೆಯಾ ಎಂದು ಮಲಂಗನನ್ನೇ ಕೇಳಿದರು. ಅವನು ಎದೆಯ ಮೇಲೆ ಕೈಯಿಟ್ಟು, “ಹೌದ್ರಿ ಹಜರತ್, ಮೂರ್ ಸಲ ಅಂದೀನ್ರಿ. ಖುದಾನ ಮುಂದ ಸುಳ್ಳು ಹೇಳಾಂಗಿಲ್ರಿ” ಎಂದ. ಒಂದು ಸಲ ಅಂದದ್ದಕ್ಕಿಂತ ಮೂರು ಸಲ ಅಂದದ್ದು ತನ್ನ ಪಾಲಿಗೆ ಒಳ್ಳೆಯದೆಂದೇ ಆ ಹುಚ್ಚಪ್ಪ ತಿಳಿದಿದ್ದ. ನಿನ್ನ ಅಬ್ಬಾ ಕಿತಾಬು ತೆಗೆದು ನೋಡಿ, ತಲಾಖ್ ಪೂರ್ತಿಯಾಗಿದೆ, ಇಬ್ಬರೂ ಕೂಡಿ ಬಾಳುವಂತಿಲ್ಲ ಎಂದು ಬರೆದು ಮೊಹರು ಒತ್ತಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು.

ಆಮೇಲೆ ಮಲಂಗ್ ದಿನಾ ಕೆಲಸ ಬಿಟ್ಟವನೇ ಮೈತುಂಬ ಕಲ್ಲುಹುಡಿ ಹೊತ್ತು ನಮ್ಮ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದ. “ನಾ ಏನ್ ತಪ್ಪ್ ಮಾತ್ ಆಡೀನ್ರಿ?” ಎಂದು ಒಂದೇ ಕೇಳುತ್ತಿದ್ದ. ಪಶ್ಚಾತ್ತಾಪ ಪಡುತ್ತಿದ್ದಾನೆಂದು ನಿನ್ನ ಅಬ್ಬಾ ಚಹಾ ಕುಡಿಸಿ, ಉರ್ದುವಿನಲ್ಲಿ ಸಮಾಧಾನ ಹೇಳಿ ಕಳಿಸುತ್ತಿದ್ದರು. ಒಬ್ಬರದು ಒಬ್ಬರಿಗೆ ತಿಳಿಯದೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಹತ್ತೊಂಬತ್ತನೆಯ ದಿನ ಮಲಂಗನ ತಾಯಿ ಭಂಕೂರದಿಂದ ಬಂದಳು. ಒಳಗೆ ನನ್ನ ಹತ್ತಿರ ಕೂತವಳು ಪರದೆಯ ಹಿಂದಿನಿಂದಲೇ ಗಟ್ಟಿಯಾಗಿ ಮಗನನ್ನು ಕೇಳಿದಳು: “ಮಲಂಗ್, ಆಕಿ ಮೊದಲ ಏನಂದ್ಳೋ?”

“ತಪ್ಪಾತು, ಇದೊಂದ್ ಸಲ ಬಿಡ್ರಿ ಅಂದ್ಳು.”

“ಅದಕ್ಕ ನೀ ಬಿಟ್ಟೀನಿ ಅಂದಿ. ಹಿಂದಿಂದ ಮತ್ತೇನರ ಅಂದಿ?”

“ಅಳಬ್ಯಾಡ ಅಂದೀನಿ. ಬಸುರ್ ಹೆಂಗ್ಸು ಭಾಳ ಅಳಾಕತ್ತಿದ್ಳು.”

ನಿನ್ನ ಅಬ್ಬಾ ಕನ್ನಡಕ ತೆಗೆದು ಕೆಳಗಿಟ್ಟರು. ತಪ್ಪನ್ನು ಬಿಟ್ಟವನಿಗೆ ನಾವು ಹೆಂಡತಿಯನ್ನು ಬಿಟ್ಟವನೆಂದು ಹೆಸರಿಟ್ಟಿದ್ದೆವು. ಅವರು ಅಷ್ಟಕ್ಕೇ ಒಪ್ಪಲಿಲ್ಲ. ನೆರೆಮನೆಯ ಗುರುಲಿಂಗಪ್ಪನವರನ್ನು ಕರೆಸಿ ಆ ಮಾತಿನ ಅರ್ಥ ಕೇಳಿದರು. “ಮಾಫ್ ಮಾಡೀನಿ ಅಂದಂಗಾತ್ರಿ. ನಮ್ ಮನ್ಯಾಗ ದಿನಾ ನಡೀತದ” ಎಂದು ಅವರು ನಕ್ಕರು. ನಿನ್ನ ಅಬ್ಬಾ ಮಲಂಗನಿಂದ ಹೆಂಡತಿಯನ್ನು ಬಿಡುವ ಮನಸ್ಸಿರಲಿಲ್ಲವೆಂದು ಆಣೆ ಮಾಡಿಸಿ, ವಾಡಿಯಿಂದ ಬಂದೇಅಲಿಯನ್ನು ಕರೆಸಿ, ‘ಅಳಬೇಡ’ ಎಂಬುದು ನಿನಗೆ ಕೇಳಿಸಲಿಲ್ಲವೇ ಎಂದರು. ಕೇಳಿಸಿತ್ತು, ಅದು ಕಾನೂನಿನ ಮಾತಲ್ಲವೆಂದು ಬರೆಯಲಿಲ್ಲ ಎಂದ ಬಂದೇಅಲಿ.

ಶುಕ್ರವಾರ ನಮಾಜು ಮುಗಿದ ಮೇಲೆ ನಿನ್ನ ಅಬ್ಬಾ ನೂರು ಜನರೆದುರು ಎದ್ದು ನಿಂತರಂತೆ. ನಾನು ಮಾತಿನ ಅರ್ಥ ತಿಳಿಯದೆ ಉತ್ತರ ಬರೆದೆ, ನನ್ನ ಉತ್ತರ ತಪ್ಪು, ಆ ನಿಕಾಹ್ ಮೊದಲಿದ್ದಂತೆಯೇ ಇದೆ ಎಂದರಂತೆ. ಕೆಲವರು ನಕ್ಕರು, ನಿಜ. ನಗಲಿ ಬಿಡು. ಚಿಂಚೋಳಿಯವರಿಗೂ ನಗಲು ಏನಾದರೂ ಬೇಕಲ್ಲ! ಶನಿವಾರ ಲಾಲಬಿ ಗಾಡಿಯಲ್ಲಿ ಭಂಕೂರಕ್ಕೆ ಹೋದಳು. ಮಲಂಗ್ ಗಾಡಿಯಲ್ಲಿ ಕೂರದೆ ಎತ್ತುಗಳ ಮುಂದೆ ನಡೆದು, ದಾರಿಯ ಕಲ್ಲು ಹೆಕ್ಕಿ ಪಕ್ಕಕ್ಕೆ ಎಸೆಯುತ್ತಾ ಹೋದನಂತೆ. ಬರೆದದ್ದನ್ನು ಎಲ್ಲರೆದುರು ಹೊಡೆದುಹಾಕಿದ ಮುಫ್ತಿ ಅಬ್ದುಲ್ ಕರೀಮರ ಮಗಳು ನೀನು. ಸೆರಗು ಸರಿಮಾಡಿಕೊಂಡು ತಲೆ ಎತ್ತಿ ಓಡಾಡು.

ನಿಮ್ಮೂರ ಕಡೆ ಹೊರಟ ಬಾಬುಮಿಯಾನ ಕೈಯಲ್ಲಿ ಉಪ್ಪಿನಕಾಯಿ ಕಳಿಸಿದ್ದೇನೆ. ಕೆಮ್ಮು ಹೋಗುವ ತನಕ ಮುಟ್ಟಬೇಡ, ಅತ್ತೆಗೆ ಬಡಿಸು.

ನಿನ್ನ ಅಮ್ಮಿ,
ಮದೀನಾಬಿ

ತಾ.ಕ.: ಇನ್ನು ಮುಂದಿನದನ್ನು ಅತ್ತೆಗೆ ಓದಬೇಡ. ಮಲಂಗನ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಪರದೆಯ ಹಿಂದಿನಿಂದ ಕೇಳಿದವಳು ನಾನು. ಮುಫ್ತಿಯ ಹೆಂಡತಿ ಗಂಡಸರ ಎದುರು ದನಿ ಎತ್ತಿದಳೆಂದು ನಿನ್ನ ಅತ್ತೆಗೆ ತಿಳಿಯುವುದು ಬೇಡವೆಂದು ಹಾಗೆ ಬರೆದೆ. ಮಸೀದಿಯಲ್ಲಿ ನನ್ನ ಹೆಸರು ಹೇಳುತ್ತೇನೆಂದು ನಿನ್ನ ಅಬ್ಬಾ ಹಟ ಹಿಡಿದಿದ್ದರು, ನಾನೇ ಕೈಮುಗಿದು ತಡೆದೆ.

ಇನ್ನೊಂದಿದೆ, ಅದು ಇದಕ್ಕಿಂತ ಕಷ್ಟದ್ದು. ಮೊದಲ ದಿನವೇ ಮಲಂಗ್ ಮೆಟ್ಟಿಲ ಮೇಲೆ ಕೂತು ನಡೆದದ್ದೆಲ್ಲ ತನ್ನಷ್ಟಕ್ಕೆ ಹಲುಬಿಕೊಂಡಿದ್ದ. ಐನಾಪುರದಲ್ಲಿ ಕನ್ನಡದ ನಡುವೆಯೇ ಹುಟ್ಟಿ ಬೆಳೆದವಳು ನಾನು, ನನಗೆ ಆಗಲೇ ಎಲ್ಲ ತಿಳಿಯಿತು. ಅವರ ಮರ್ಯಾದೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ನಿಜ ಹೇಳಲೇ, ಅದು ಮರ್ಯಾದೆಯಲ್ಲ, ಹೆದರಿಕೆ. ಹದಿನೆಂಟು ದಿನ ಅವನಿಗೆ ಚಹಾ ಕಾಸಿ ಕಳಿಸಿದೆ, ಒಂದು ಮಾತು ಕಳಿಸಲಿಲ್ಲ. ಲಾಲಬಿ ವಾಡಿಯಲ್ಲಿ ಎಚ್ಚರ ತಪ್ಪಿ ಬಿದ್ದಳೆಂದು ಕೇಳಿದ ದಿನ ಬಾಯಿ ಬಿಟ್ಟೆ. ನಿನ್ನ ಅಬ್ಬಾ ಒಂದೇ ಕೇಳಿದರು, ತಿಳಿದು ಎಷ್ಟು ದಿನವಾಯಿತು ಎಂದು. ಹೇಳಿದೆ. ಅವತ್ತು ಸಂಜೆಯ ಚಹಾ ಅವರು ತಾವೇ ಕಾಸಿಕೊಂಡರು.

ಗುರುವಾರ ನಾನು ಭಂಕೂರಕ್ಕೆ ಹೋಗಿ ಲಾಲಬಿಗೆ ಇದನ್ನೆಲ್ಲ ಹೇಳುತ್ತೇನೆ. ಅವಳು ಏನಂದರೂ ಕೇಳಿಸಿಕೊಂಡು ಬರುತ್ತೇನೆ. ನಿನ್ನ ಅಬ್ಬಾ ನೂರು ಜನರ ಮುಂದೆ ನಿಂತರು. ನಾನು ಒಬ್ಬಳ ಮುಂದೆ ನಿಲ್ಲಬೇಕು, ಮಗಳೇ, ಹೆದರಿ ಹಿಂದೆ ಸರಿಯಬಾರದೆಂದು ಗಾಡಿಗೆ ಈಗಲೇ ಹೇಳಿಟ್ಟಿದ್ದೇನೆ.