ಕಡೆಗಣ್ಣಿನ ಮೇಲೆ ಹೊಟ್ಟೆಕಿಚ್ಚು

ಫೆಬ್ರವರಿ ಮೂವತ್ತು, 2391
ಕೋಲಾರದ ಕೆಳಪೇಟೆ

ಕಣ್ಣಿನ ಪಾಠದ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿರುವ ವೈದ್ಯ ವಿದ್ಯಾರ್ಥಿಗಳೇ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಿಕೆ ಕೇಳಿ ಕಲಿತವನು ನಾನು. ಎಲ್ಲಾದರೂ ಮಾತು ಅಡ್ಡಾದಿಡ್ಡಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೊಟ್ಟೆಯಲ್ಲಂತೂ ಜಾಗವಿಲ್ಲ, ಅಲ್ಲಿ ನಿಮ್ಮ ಮೇಲಿನ ಕಿಚ್ಚೇ ತುಂಬಿದೆ.

ನನ್ನ ಹೆಸರು ಮುನಿವೆಂಕಟ, ಕಣ್ಣಿನ ಪಾಠ ಹೇಳುವ ಮೇಷ್ಟ್ರು. ಬಿಸಿಲಿಗೆ ಹೆದರಿ ಹಳೆಯ ಗಣಿಯೊಳಗೆ ಇಳಿದ ಊರು ನಮ್ಮದು. ಇಲ್ಲಿ ಮಗುವಿಗೆ ಹೆಸರಿಡುವ ದಿನವೇ ಎರಡೂ ಕಣ್ಣಿಗೆ ನೋಟಗಾವಲು ತೊಡಿಸುತ್ತಾರೆ. ಅದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಪೊರೆ. ಓದಬೇಕಾದದ್ದು, ನೋಡಬೇಕಾದದ್ದು, ಮಾತಾಡಿಸುವವರ ಮುಖ, ಎಲ್ಲವನ್ನೂ ಅದೇ ತಂದು ಕಣ್ಣಿನ ನಟ್ಟನಡುವೆ ನಿಲ್ಲಿಸುತ್ತದೆ. ಕಣ್ಣಿನೊಳಗಿನ ಒತ್ತಡವನ್ನೂ ಅದೇ ಅಳೆಯುತ್ತದೆ. ಹೀಗಾಗಿ ನಮ್ಮ ಜನ ಕಣ್ಣು ಹೊರಳಿಸುವುದನ್ನೇ ಬಿಟ್ಟಿದ್ದಾರೆ. ಪ್ರತಿ ಕಣ್ಣಿಗೂ ಆರು ಸ್ನಾಯು, ಅವುಗಳಲ್ಲಿ ಒಂದು ನಿಮ್ಮ ಬಾವಿಯ ಹಗ್ಗದಂತೆ ರಾಟೆಯ ಮೇಲೆ ಹಾದು ಕಣ್ಣನ್ನು ಕೆಳಗಿಳಿಸುತ್ತದೆ ಎಂದರೆ ನನ್ನ ಶಿಷ್ಯರು ಪುರಾಣ ಕೇಳಿದಂತೆ ತಲೆದೂಗುತ್ತಾರೆ. ಆ ಸ್ನಾಯುವಿನ ನರ ಸೋತವನಿಗೆ ಇಳಿಯುವ ಮೆಟ್ಟಿಲು ಎರಡಾಗಿ ಕಾಣುತ್ತದೆ, ಅವನು ತಲೆ ವಾಲಿಸಿ ನಡೆಯುತ್ತಾನೆ. ನಿಮ್ಮ ಆಸ್ಪತ್ರೆಗೆ ಅಂಥವನು ತಾನಾಗಿ ಬಂದು ಕೂರುತ್ತಾನೆ. ನೀವು ಬೆರಳೆತ್ತಿ ಇದನ್ನೇ ನೋಡುತ್ತಿರಿ ಅಂದರೆ ಅವನ ಕಣ್ಣು ಆ ಬೆರಳಿನ ಹಿಂದೆ ಓಡುತ್ತದೆ. ಎಂಥ ಪುಣ್ಯವಂತರಯ್ಯಾ ನೀವು. ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಂಡತಿ ಚೌಡೇಶ್ವರಿಗೆ ಗ್ಲಾಕೋಮಾ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಸಾಯುವ ರೋಗ ಅದು, ಅವಳದು ಒತ್ತಡ ಏರದೆಯೂ ನರ ಸಾಯುವ ಬಗೆಯದು. ನೋಟಗಾವಲು ವರ್ಷಗಟ್ಟಲೆ ಒತ್ತಡ ಅಳೆದು ಎಲ್ಲ ಸರಿಯಿದೆ ಎಂದಿತು. ಸಾಲದ್ದಕ್ಕೆ, ಅವಳ ನೋಟದ ಅಂಚು ಸವೆದಲ್ಲೆಲ್ಲ ತಾನೇ ಗೋಡೆ, ಬಾಗಿಲು ಬರೆದು ತುಂಬಿತು. ಕಣ್ಣಿನ ಹಿಂಗೋಡೆಯಲ್ಲಿ ನರ ಹೊರಡುವ ಜಾಗದಲ್ಲಿ ಎಲ್ಲರಿಗೂ ಒಂದು ಪುಟ್ಟ ಬಟ್ಟಲಿರುತ್ತದೆ. ಈ ರೋಗ ಬೆಳೆದಂತೆ ಅದು ಅಗಲವಾಗುತ್ತದೆ. ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದಾಗ ನನಗೆ ಅನುಮಾನ ಬಂತು. ಆದರೆ ಪೊರೆ ತೆಗೆದು ಒಳಗೆ ಇಣುಕಲು ನಮ್ಮಲ್ಲಿ ಸರ್ಕಾರದ ಅಪ್ಪಣೆ ಬೇಕು. ಅದು ಸಿಗುವ ಹೊತ್ತಿಗೆ ಬಟ್ಟಲು ಅಗಲವಾಗಿ ನರದ ಅಂಚಿನವರೆಗೂ ಬಂದಿತ್ತು. ನಿಮಗೋ, ಕೈಯಲ್ಲಿ ಕಣ್ಣಿನೊಳಗೆ ಇಣುಕುವ ಆಫ್ತಾಲ್ಮೋಸ್ಕೋಪ್, ಎದುರಿಗೆ ಒಪ್ಪಿ ಕೂತ ರೋಗಿ.

ಪೊರೆ ತೆಗೆದ ದಿನ ನಾನು ಅವಳ ಪಕ್ಕದ ಕುರ್ಚಿಯಲ್ಲೇ ಇದ್ದೆ.

“ಎಲ್ಲೋದ್ರಿ ನೀವು? ಈಗ ಇಲ್ಲೇ ಇದ್ರಲ್ಲ” ಅಂದಳು.

ಹೋದ ನೋಟ ಮರಳುವುದಿಲ್ಲ. ಒತ್ತಡವನ್ನು ಇನ್ನಷ್ಟು ಇಳಿಸುವ ಹನಿ ಹಾಕುತ್ತಿದ್ದೇವೆ, ನಡುವೆ ಉಳಿದಿರುವುದು ಉಳಿದರೆ ಸಾಕು. ಕಣ್ಣು ಹೊರಳಿದರೆ ಆ ಉಳಿದ ನೋಟವನ್ನೇ ಅಂಚಿಗೂ ಒಯ್ಯಬಹುದು. ಅದಕ್ಕೇ ದಿನವೂ ನಿಮ್ಮ ಹಾಗೆ ಬೆರಳು ಹಿಡಿದು ಅವಳೆದುರು ಕೂರುತ್ತೇನೆ. ಮೊದಮೊದಲು ಬೆರಳಿನ ಹಿಂದೆ ಅವಳ ತಲೆಯೇ ಹೊರಳುತ್ತಿತ್ತು, ಕಣ್ಣು ಅಲುಗುತ್ತಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ನೆರೆಮನೆಯಾಕೆಯ ಸಾರನ್ನು ಸ್ವಲ್ಪ ಜಾಸ್ತಿಯೇ ಹೊಗಳಿದೆ. ಚೌಡೇಶ್ವರಿ ತಲೆ ತಿರುಗಿಸಲಿಲ್ಲ. ಕಣ್ಣು ಮಾತ್ರ ಮೆಲ್ಲಗೆ ಹೊರಳಿ, ಪಕ್ಕದಲ್ಲಿದ್ದ ನನ್ನನ್ನು ಹುಡುಕಿ ಹಿಡಿದು, ದುರುಗುಟ್ಟಿತು. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಓರೆನೋಟ ಅದು.

ನಿಮಗೆ ಅದು ಬೇಕಾದಷ್ಟು ಸಲ ಪುಕ್ಕಟೆ ಸಿಗುತ್ತದೆ. ಕಡೆಗಣಿಸು ಎಂಬ ನಿಮ್ಮ ಮಾತಿನೊಳಗೇ ಕಣ್ಣು ಕೂತಿದೆ, ಈ ರೋಗ ಶುರುವಾಗುವುದೂ ಕಡೆಯಿಂದಲೇ. ಒತ್ತಡ ಸರಿಯಿದೆ ಎಂದು ರೋಗಿಯನ್ನು ಎಬ್ಬಿಸುವ ಮುನ್ನ ಒಮ್ಮೆ ಬಗ್ಗಿ ಆ ಬಟ್ಟಲನ್ನು ನೋಡಿ. ನೋಡಿದ ಮೇಲೆ ಮನೆಗೆ ಹೋಗಿ ದೃಷ್ಟಿ ತೆಗೆಸಿಕೊಳ್ಳಿ. ನನ್ನ ಕಣ್ಣು ನಿಮ್ಮ ಮೇಲೆ ಬಿದ್ದಿದೆ.

ಮುನಿವೆಂಕಟ