ಹಳದಿ ಪೆಟ್ಟಿಗೆಯ ಮುಂದಿನ ಮನೆ

ರಿಡ್‌ವೆನ್
ಭಾನುವಾರ, ಜೂನ್ 10, 2018

ಪ್ರೀತಿಯ ಮೆನ್ನಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನನ್ನ ಪತ್ರವೆಂದು ನಿನಗೆ ತಿಳಿದಿರುತ್ತದೆ. ಆದರೂ ಒಡೆದು ಓದುತ್ತಿದ್ದೀಯಲ್ಲ, ನನಗಷ್ಟೇ ಸಾಕು. ಹೇಗಿದ್ದೀಯ, ಮೊಣಕಾಲು ನೋವು ಈಗ ಹೇಗಿದೆ ಎಂದು ಕೇಳುವ ಹಕ್ಕು ನನಗೆ ಉಳಿದಿಲ್ಲ. ಹಕ್ಕಿಲ್ಲದೆಯೇ ಕೇಳುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯೋಣವೆಂದರೆ, ಮೂರು ವರ್ಷ ಮೂರು ತಿಂಗಳು ಕಳೆದ ಮೇಲೆ ಆ ಮಾತನ್ನು ಯಾವ ಮುಖ ಇಟ್ಟುಕೊಂಡು ಬರೆಯಲಿ?

ನನ್ನ ಸುದ್ದಿ ನಿನ್ನ ಕಿವಿಗೂ ಬಿದ್ದಿರಬಹುದು. ಕಳೆದ ಮಂಗಳವಾರ ಕೋರ್ಟಿನಲ್ಲಿ ನನ್ನ ಲೈಸೆನ್ಸ್ ಕಿತ್ತುಕೊಂಡರು. ಆರು ತಿಂಗಳು ನಾನು ಯಾವ ಗಾಡಿಯನ್ನೂ ಓಡಿಸುವಂತಿಲ್ಲ. ಅತಿವೇಗಕ್ಕೆ ನಾಲ್ಕು ಸಲ ಸಿಕ್ಕಿಬಿದ್ದೆ, ಸಲಕ್ಕೆ ಮೂರು ದಂಡದ ಪಾಯಿಂಟು. ಮೂರು ವರ್ಷದೊಳಗೆ ಹನ್ನೆರಡಾದರೆ ಮುಗಿಯಿತು. ನಾಲ್ಕನೆಯದು ಈ ಫೆಬ್ರವರಿ ಇಪ್ಪತ್ತೆರಡರಂದು. ಇನ್ನು ಹದಿನೆಂಟು ದಿನ ತಡೆದಿದ್ದರೆ ಮೊದಲ ಸಲದ ಮೂರು ಪಾಯಿಂಟು ಲೆಕ್ಕಕ್ಕೆ ಬರುತ್ತಿರಲಿಲ್ಲವಂತೆ. ಊರವರಿಗೆ ನಗು. ಮೂವತ್ನಾಲ್ಕು ವರ್ಷ ರೋಲರು, ಡ್ರೈಯರು, ಮಡಚುವ ಬೇಸಿನ್ನು ತುಂಬಿಕೊಂಡು ಮನೆಮನೆಗೆ ಹೋಗಿ ಮುದುಕಿಯರ ತಲೆ ನೇರ್ಪು ಮಾಡಿದವಳು ನಾನು. ಕುರಿ ಅಡ್ಡ ಬಂದರೆ ಅದು ಮೇಯ್ದು ಮುಗಿಸುವವರೆಗೂ ಕಾಯುವವಳು ಎಂದು ನೀನೇ ಆಡಿಕೊಳ್ಳುತ್ತಿದ್ದೆ.

ನನ್ನ ಪರ ವಾದಿಸಿದ ವಕೀಲೆ ಮಿಸ್ ಹ್ಯಾವರ್ಡ್ ಚಿಕ್ಕ ವಯಸ್ಸಿನವಳು, ಇಪ್ಪತ್ತೊಂಬತ್ತು ಇರಬಹುದು. ನಮ್ಮ ಲೌರಿಯ ವಯಸ್ಸು. (ನಮ್ಮ ಎಂದು ಬರೆದುಬಿಟ್ಟೆ. ಅವಳು ನಿನ್ನ ಮಗಳು, ಆದರೂ ಹೊಡೆದುಹಾಕುವುದಿಲ್ಲ.) ನಾಲ್ಕು ನೋಟಿಸುಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಅವಳು ಕೇಳಿದಳು, "ಗ್ವೆಂಡಾ, ಬೇಜಾರು ಮಾಡ್ಕೋಬೇಡಿ. ನಾಲ್ಕೂ ಒಂದೇ ಕ್ಯಾಮರಾ. ನಾಲ್ಕೂ ಗುರುವಾರ. ಅಷ್ಟು ದೊಡ್ಡ ಹಳದಿ ಪೆಟ್ಟಿಗೆ, ಕಣ್ಣು ಕಾಣ್ದೇ ಇರೋರಿಗೂ ಕಾಣುತ್ತೆ. ಅದು ಅಲ್ಲಿದೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತಮ್ಮ," ಎಂದೆ. "ಅದನ್ನ ಅಲ್ಲಿ ಹಾಕ್ಸಿದ್ದೇ ನಾವು."

ಹೌದು ಮೆನ್ನಾ, ನಿನ್ನ ಗೇಟಿನ ಪಕ್ಕದ ಕ್ಯಾಮರಾ. ಆಗ ಲೌರಿಗೆ ಒಂಬತ್ತು ವರ್ಷ. ಶಾಲೆಯ ಬಸ್ಸಿಗೆ ಅವಳು ರಸ್ತೆ ದಾಟಬೇಕಿತ್ತು, ಮರದ ದಿಮ್ಮಿ ಸಾಗಿಸುವ ಲಾರಿಗಳು ಗಾಳಿಯ ಹಾಗೆ ಹೋಗುತ್ತಿದ್ದವು. ಚಳಿಗಾಲವಿಡೀ ನೀನೂ ನಾನೂ ನನ್ನ ಹಳೆಯ ವ್ಯಾನಿನಲ್ಲಿ ಮನೆಮನೆ ತಿರುಗಿ ಕ್ಯಾಮರಾ ಬೇಕೆಂಬ ಅರ್ಜಿಗೆ ಇನ್ನೂರ ಹನ್ನೊಂದು ಸಹಿ ಹಾಕಿಸಿದೆವು. ಓಲ್ವೆನ್ ಪ್ಯೂ ಸಹಿ ಹಾಕುವಾಗ, "ಹಾಕ್ತೀನಿ ಕಣ್ರೇ ಹುಡ್ಗೀರಾ, ಆದ್ರೆ ಮೊದಲು ಸಿಕ್ಕಿಬೀಳೋದು ನಿಮ್ಮಿಬ್ಬರಲ್ಲೇ ಒಬ್ಳು ನೋಡಿ," ಎಂದಿದ್ದಳು. ಮುದುಕಿಯ ಬಾಯಿ ಒಳ್ಳೆಯದಲ್ಲ.

ನಿನ್ನ ಮನೆ ಮುಂದೆ ನಾನು ಪ್ರತಿ ಗುರುವಾರ ಹಾದುಹೋಗುತ್ತಿದ್ದೆ ಎಂದು ತಿಳಿಯಬೇಡ. ಗುರುವಾರ ಓಲ್ವೆನ್ ಕೂದಲು ಮಾಡಲು ಅವಳ ಮನೆಗೆ ಬೆಟ್ಟದ ಮೇಲಿನ ದಾರಿ ಹಿಡಿದು, ಹನ್ನೊಂದು ಮೈಲಿ ಸುತ್ತಿಕೊಂಡು ಹೋಗುತ್ತಿದ್ದೆ. ಬೆಟ್ಟದಲ್ಲಿ ಹಿಮ ಬಿದ್ದಾಗ, ಒಮ್ಮೆ ಆ ದಾರಿಯ ಸೇತುವೆ ರಿಪೇರಿಗೆ ಮುಚ್ಚಿದಾಗ, ನಿನ್ನ ರಸ್ತೆ ಬಿಟ್ಟರೆ ಗತಿಯಿರಲಿಲ್ಲ. ಚಾಪೆಲಿನ ತಿರುವಿನವರೆಗೂ ಸರಿಯಾಗಿಯೇ ಬರುತ್ತಿದ್ದೆ. ನಿನ್ನ ಮನೆಯ ಚಾವಣಿ ಕಂಡ ಮೇಲೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಎರಡನೆಯ ಸಲ ಸಿಕ್ಕಿಬಿದ್ದಾಗ, ಪಾಯಿಂಟು ಬೇಡವಾದರೆ ಅರ್ಧ ದಿನದ ತರಗತಿಗೆ ಬನ್ನಿ ಎಂದು ಕರೆದಿದ್ದರು. ಅಲ್ಲಿ ಸುತ್ತ ಕುರ್ಚಿ ಹಾಕಿ ಕೂರಿಸಿ, ಯಾಕೆ ಅಷ್ಟು ಜೋರಾಗಿ ಹೋಗುತ್ತಿದ್ದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರಂತೆ. ಅದಕ್ಕಿಂತ ಪಾಯಿಂಟೇ ಮೇಲು ಎಂದುಕೊಂಡೆ.

ಯಾಕೆಂದು ನಮ್ಮಿಬ್ಬರಿಗೂ ಗೊತ್ತು. ಲೌರಿ ಹೋಗುವ ಹತ್ತು ದಿನ ಮೊದಲು, ಔಷಧಿಗೆ ಉದುರಿ ಮತ್ತೆ ಬೆಳೆದಿದ್ದ ಗುಂಗುರು ಕೂದಲನ್ನು ಬೆರಳಿಗೆ ಸುತ್ತಿಕೊಂಡು ನಿನ್ನ ಎದುರಿಗೇ ಹೇಳಿದ್ದಳು: "ಗ್ವೆಂಡಾ ಆಂಟಿ, ಕೊನೇ ಸಲ ನನ್ನ ತಲೆ ನೀನೇ ಬಾಚ್ಬೇಕು. ಆ ಶವಪೆಟ್ಟಿಗೆಯವನ ಕೈಗೆ ಕೊಟ್ಬಿಟ್ಟೀಯ, ಟೀವೀಲಿ ವಾರ್ತೆ ಓದೋಳ ಥರ ಮಾಡಿಡ್ತಾನೆ." ನಾವು ಮೂವರೂ ನಕ್ಕೆವು. ನಾನು ಮಾತು ಕೊಟ್ಟೆ. ಅವಳ ಮೊದಲ ಕೂದಲು ಕತ್ತರಿಸಿದವಳು ನಾನೇ, ಶಾಲೆಯ ಜಡೆ ಹಾಕಿದವಳು ನಾನೇ. ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆಂದು ಹೇಳಿದ್ದೆ. ಅವಳನ್ನು ನಿನ್ನ ಮನೆಯ ರಸ್ತೆ ಕಡೆಯ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ನಾನು ಬರಲಿಲ್ಲ. ವ್ಯಾನು ಚಾಲೂ ಆಗುತ್ತಿಲ್ಲ ಎಂದು ಫೋನ್ ಮಾಡಿದೆ. ಹನ್ನೊಂದಕ್ಕೆ ಚಾಪೆಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ನೀನು ನನ್ನತ್ತ ತಿರುಗಲಿಲ್ಲ. ಅಲ್ಲಿಂದ ಈಚೆಗೆ ಒಂದು ಮಾತೂ ಇಲ್ಲ.

ಕೋರ್ಟಿನ ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಉಳಿಸಿಕೊಳ್ಳಲು ಒಂದೇ ದಾರಿಯಿತ್ತು. ನಮಗೆ ಕಷ್ಟವಾಗುತ್ತದೆ ಎಂದರೆ ಅವರು ಕೇಳುವುದಿಲ್ಲ, ಅದು ಶಿಕ್ಷೆಯೇ ತಾನೆ. ನಾವು ಗಾಡಿ ಓಡಿಸದಿದ್ದರೆ ಬೇರೆ ಯಾರಿಗೆ ತಡೆಯಲಾರದ ಕಷ್ಟ ಬರುತ್ತದೆ ಎಂದು ತೋರಿಸಬೇಕು. ಮಿಸ್ ಹ್ಯಾವರ್ಡ್ ಒಂದು ಹಾಳೆ ಕೊಟ್ಟು, "ನೀವಿಲ್ಲದಿದ್ರೆ ಆಗೋದೇ ಇಲ್ಲ ಅನ್ನೋರ ಹೆಸರು ಬರೀರಿ," ಎಂದಳು. ಆ ಹಾಳೆ ಎರಡು ದಿನ ಅಡಿಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ನಾನು ಮೊದಲು ಬರೆದ ಹೆಸರು ನಿನ್ನದು. ಆಮೇಲೆ ಹೊಡೆದುಹಾಕಿದೆ. ನಿನಗೆ ನಾನು ಬೇಕಿದ್ದ ದಿನ ಒಂದೇ ಒಂದು, ಅವತ್ತು ನನ್ನ ಹತ್ತಿರ ಲೈಸೆನ್ಸೂ ಇತ್ತು, ವ್ಯಾನೂ ಇತ್ತು.

ಹನ್ನೊಂದು ಮಂದಿ ನನಗಾಗಿ ಪತ್ರ ಬರೆದುಕೊಟ್ಟರು. ತೊಂಬತ್ತೊಂದು ವರ್ಷದ ಓಲ್ವೆನ್ ಬರೆದದ್ದನ್ನು ಮಿಸ್ ಹ್ಯಾವರ್ಡ್ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದಳು: "ಗ್ವೆಂಡಾ ಬರದಿದ್ದರೆ ನಾನು ಉಣ್ಣೆ ಕತ್ತರಿಸದ ಕುರಿಯಂತಾಗುತ್ತೇನೆ. ಯಾವ ವಾರ ದೇವರು ಕರೆಯುತ್ತಾನೋ ತಿಳಿಯದು, ಆ ಅವತಾರದಲ್ಲಿ ಅವನ ಮುಂದೆ ಹೋಗಲು ನನಗೆ ಮನಸ್ಸಿಲ್ಲ." ಪೀಠದಲ್ಲಿದ್ದ ಮೂವರಲ್ಲಿ ಇಬ್ಬರು ನಕ್ಕರು. ಮಧ್ಯದಲ್ಲಿ ಕೂತಿದ್ದ ಹೆಂಗಸು ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿ, "ನಾಲ್ಕು ಸಲವೂ ಒಂದೇ ಜಾಗ. ಅಷ್ಟು ಅವಸರದಲ್ಲಿ ಎಲ್ಲಿಗೆ ಹೋಗ್ತಿದ್ರಿ?" ಎಂದು ಕೇಳಿದಳು.

ಅದಕ್ಕೆ ಉತ್ತರ ಹೇಳಬೇಕಾಗಿಲ್ಲ ಎಂದು ಮಿಸ್ ಹ್ಯಾವರ್ಡ್ ಎದ್ದು ನಿಂತಳು. ಆದರೆ ಸತ್ಯ ಹೇಳುತ್ತೇನೆಂದು ಆಗಷ್ಟೇ ಪ್ರಮಾಣ ಮಾಡಿದ್ದೆ. "ಎಲ್ಲಿಗೂ ಇಲ್ಲ ಮೇಡಂ," ಎಂದೆ. "ಅಲ್ಲೊಂದು ಮನೆ ಇದೆ. ಅದರ ಮುಂದೆ ನಿಧಾನ ಹೋಗೋಕೆ ನನ್ನ ಕೈಲಿ ಆಗಲ್ಲ."

"ಯಾರ ಮನೆ?"

"ನನ್ನ ಗೆಳತಿ ಮನೆ."

ಅವಳು ಕನ್ನಡಕ ಹಾಕಿಕೊಂಡಳು. ಮೂವರೂ ಒಳಗೆ ಹೋಗಿ ಕಾಲು ಗಂಟೆ ಬಿಟ್ಟು ಬಂದರು. ಕಷ್ಟವಿದೆ ನಿಜ, ತಡೆಯಲಾರದ ಕಷ್ಟವಲ್ಲ. ಬಹುಪಾಲು ಮನೆಗಳಿಗೆ ಬಸ್ಸಿದೆ. ಬಸ್ಸಿನಲ್ಲಿ ಹೋಗಿ ಎಂದರು. ನ್ಯಾಯವಾಗಿಯೇ ಹೇಳಿದರು, ನನಗೆ ಸಿಟ್ಟಿಲ್ಲ.

ನನ್ನ ಪೆದ್ದುತನ ಕೇಳು. ಕೋರ್ಟಿಗೆ ಬಸ್ಸಿನಲ್ಲಿ ಬನ್ನಿ ಎಂದು ಮಿಸ್ ಹ್ಯಾವರ್ಡ್ ಎರಡೆರಡು ಸಲ ಹೇಳಿದ್ದಳು. ನಾನು ವ್ಯಾನಿನಲ್ಲೇ ಹೋಗಿದ್ದೆ. ತೀರ್ಪಾದ ಗಳಿಗೆಯಿಂದ ಅದನ್ನು ಮುಟ್ಟುವಂತಿಲ್ಲ. ಅದನ್ನು ಅಲ್ಲೇ ಬಿಟ್ಟು, ಕೈಚೀಲ ಹಿಡಿದು ಬಸ್ಸು ಹತ್ತಿದೆ. ಬಸ್ಸು ಬೆಟ್ಟದ ದಾರಿಯಲ್ಲಿ ಹೋಗುವುದಿಲ್ಲವಲ್ಲ. ನಿನ್ನ ಗೇಟಿನ ಮುಂದೆ ನಿಂತಿತು, ನಿಂತೇ ಇತ್ತು. ಡ್ರೈವರ್ ಎಮ್ರಿಸ್ ಎಂಜಿನ್ ಆರಿಸಿ, "ನಾಲ್ಕು ನಿಮಿಷ ಮುಂಚೆ ಬಂದ್ಬಿಟ್ಟಿದ್ದೀವಿ. ಟೈಮ್ ಆಗೋವರ್ಗೂ ಕದಲೋ ಹಾಗಿಲ್ಲ," ಎಂದು ಸ್ಯಾಂಡ್‌ವಿಚ್ ಬಿಚ್ಚಿದ.

ಮೂರು ವರ್ಷದಲ್ಲಿ ನಾನು ನಿನ್ನನ್ನು ನೋಡಿದ್ದು ಆ ನಾಲ್ಕು ನಿಮಿಷ. ನೀನು ಬೆನ್ನು ತಿರುಗಿಸಿ ಬಟಾಣಿ ಬಳ್ಳಿಗೆ ಕೋಲು ಕಟ್ಟುತ್ತಿದ್ದೆ. ಬಗ್ಗಿದವಳು ಏಳುವಾಗ ಮೊಣಕಾಲು ಹಿಡಿದುಕೊಂಡೆ. ನಿನ್ನ ಕೂದಲು ನೋಡಿದೆ ಮೆನ್ನಾ. ಬಲಗಿವಿಯ ಹತ್ತಿರ ಒಂದಳತೆ, ಎಡಕ್ಕೆ ಇನ್ನೊಂದು, ಹಿಂದೆ ಗೊಂಚಲು ಗೊಂಚಲು. ನೀನೇ ಅಡಿಗೆಮನೆಯ ಕತ್ತರಿಯಲ್ಲಿ ಕತ್ತರಿಸಿಕೊಳ್ಳುತ್ತಿದ್ದೀಯ. ನಮ್ಮ ಕಸುಬಿನವರಿಗೆ ಅದು ಹತ್ತು ಗಜ ದೂರದಿಂದಲೇ ಗೊತ್ತಾಗುತ್ತದೆ. ಪೇಟೆಯಲ್ಲಿ ಕೂದಲು ಕತ್ತರಿಸುವ ಮೂರು ಅಂಗಡಿಗಳಿವೆ, ನೀನು ಯಾರ ಹತ್ತಿರವೂ ಹೋಗಿಲ್ಲ. ನಾನು ಕಿಟಕಿಗೆ ಮುಖ ಒತ್ತಿಕೊಂಡು ಅತ್ತೆ. ಎಮ್ರಿಸ್ ಕನ್ನಡಿಯಲ್ಲಿ ನೋಡಿದ, ಲೈಸೆನ್ಸ್ ಹೋದದ್ದಕ್ಕೆ ಎಂದುಕೊಂಡನೋ ಏನೋ, ಅರ್ಧ ಸ್ಯಾಂಡ್‌ವಿಚ್ ಚಾಚಿದ.

ಬರೆಯಬೇಕೆಂದಿದ್ದದ್ದು ಇಷ್ಟೇ. ನಿನ್ನ ಬಟಾಣಿಗೆ ಹುಳ ಬೀಳದಿರಲಿ. ಮೊಣಕಾಲು ನಿನ್ನ ಮಾತು ಕೇಳಲಿ. ಮುಂದಿನ ಕೋಣೆಯಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಪರದೆ ತೆಗೆದು ಅಲ್ಲಿ ಕೂತು ಚಹಾ ಕುಡಿಯುವ ದಿನಗಳು ನಿನಗೆ ಬರಲಿ.

ನಿನ್ನ,
ಗ್ವೆಂಡಿ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಉಳಿದದ್ದನ್ನು ಬರೆಯದೆ ಕಳಿಸಿದರೆ ಇದೂ ಆ ಫೋನಿನಂಥದ್ದೇ ಆಗುತ್ತದೆ.

ಮೊದಲ ಮೂರು ಪಾಯಿಂಟಿನ ತಾರೀಖನ್ನು ಬೇಕೆಂದೇ ಬಿಟ್ಟಿದ್ದೆ. 2015ರ ಮಾರ್ಚ್ ಹನ್ನೆರಡು, ಬೆಳಿಗ್ಗೆ ಎಂಟು ಗಂಟೆ ಆರು ನಿಮಿಷ. ವ್ಯಾನು ಕೆಟ್ಟಿರಲಿಲ್ಲ ಮೆನ್ನಾ. ನಾನು ಬಂದಿದ್ದೆ. ಪಕ್ಕದ ಸೀಟಿನಲ್ಲಿ ಲೌರಿಯ ಮರದ ಬಾಚಣಿಗೆ ಇತ್ತು. ನಿನ್ನ ಮುಂದಿನ ಕೋಣೆಯ ಪರದೆ ಎಳೆದಿರುವುದು ಕಂಡಿತು. ಅದರ ಹಿಂದೆ ಅವಳಿದ್ದಾಳೆ, ಆ ಗುಂಗುರು ಕೂದಲು ತಣ್ಣಗಿರುತ್ತದೆ ಎಂದು ಮನಸ್ಸಿಗೆ ಬಂತು. ಬೇರೆ ಮನೆಗಳಲ್ಲಿ ತೀರಿಕೊಂಡ ಎಷ್ಟೋ ಮಂದಿಗೆ ಆ ಕೆಲಸ ಮಾಡಿದ್ದೇನೆ, ಒಮ್ಮೆಯೂ ಹಿಂಜರಿದಿರಲಿಲ್ಲ. ಅವತ್ತು ನನಗೆ ಹೆದರಿಕೆಯಾಯಿತು. ನಿಲ್ಲಿಸಬೇಕಾದ ಕಾಲು ಆಕ್ಸಿಲರೇಟರ್ ಒತ್ತಿತು. ಗಂಟೆಗೆ ಮೂವತ್ತು ಮೈಲಿಯ ಜಾಗದಲ್ಲಿ ನಲವತ್ತೇಳು. ಹಿಂದೆ ಕ್ಯಾಮರಾ ಮಿಂಚಿತು. ಒಂದು ಮೈಲಿ ಆಚೆ ವ್ಯಾನು ನಿಲ್ಲಿಸಿ, ಅದರೊಳಗೇ ಕೂತು, ವ್ಯಾನು ಚಾಲೂ ಆಗುತ್ತಿಲ್ಲ ಎಂದು ನಿನಗೆ ಫೋನ್ ಮಾಡಿದೆ. ನೀನು, "ಆಯ್ತು ಬಿಡು ಗ್ವೆಂಡಿ," ಎಂದೆ.

ನನ್ನ ಸುಳ್ಳು ನೀನು ನಂಬಿದ್ದೀಯ ಎಂದುಕೊಂಡೇ ಇಷ್ಟು ದಿನ ಬದುಕಿದೆ. ಒಂದು ಬ್ಯಾಟರಿ ಕೈಕೊಟ್ಟಿದ್ದಕ್ಕೆ ನಲವತ್ತು ವರ್ಷದ ಸ್ನೇಹ ಮುರಿದಳು, ಎದೆಯಲ್ಲಿ ಕಲ್ಲಿಟ್ಟುಕೊಂಡಿದ್ದಾಳೆ ಎಂದು ಓಲ್ವೆನ್ ಮುಂದೆ, ಕಂಡಕಂಡವರ ಮುಂದೆ ನಿನ್ನನ್ನು ದೂರಿದ್ದೇನೆ. ಕೋರ್ಟಿಗೆ ಒಂದು ವಾರ ಮೊದಲು ಮಿಸ್ ಹ್ಯಾವರ್ಡ್ ನಾಲ್ಕೂ ಫೋಟೋ ತರಿಸಿದಳು. ಮೊದಲನೆಯದರಲ್ಲಿ ನನ್ನ ವ್ಯಾನಿನ ಹಿಂಭಾಗ, ಅದರ ಮೇಲೆ ನನ್ನ ಹೆಸರು. ಎಡ ಅಂಚಿನಲ್ಲಿ ನಿನ್ನ ಗೇಟು. ಗೇಟು ಪೂರ್ತಿ ತೆರೆದಿದೆ. ಕಪ್ಪು ಬಟ್ಟೆ ಹಾಕಿಕೊಂಡು ನೀನು ಅದನ್ನು ಹಿಡಿದು ನಿಂತಿದ್ದೀಯ, ಒಂದು ಕೈ ಮೇಲೆತ್ತಿ ನನ್ನನ್ನು ಕರೆಯುತ್ತಿದ್ದೀಯ.

ನನಗಾಗಿ ಗೇಟು ತೆರೆಯಲು ಬಂದಿದ್ದೆ. ನಾನು ಪರದೆ ನೋಡಿದೆ, ನಿನ್ನನ್ನು ನೋಡಲಿಲ್ಲ. ನೀನು ಎಲ್ಲ ನೋಡಿದ್ದೆ. ಫೋನ್ ಬಂದಾಗಲೇ ಅದು ಸುಳ್ಳೆಂದು ನಿನಗೆ ಗೊತ್ತಿತ್ತು. ಆದರೂ ಈ ಮೂರು ವರ್ಷ ಊರಲ್ಲಿ ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಇವತ್ತಿಗೂ ಎಲ್ಲರೂ ವ್ಯಾನು ಕೆಟ್ಟಿತ್ತೆಂದೇ ತಿಳಿದಿದ್ದಾರೆ. ನನ್ನ ಮಾನ ಕಾಯ್ದವಳನ್ನು ಕಲ್ಲು ಎಂದೆನಲ್ಲ.

ಗುರುವಾರ ಹತ್ತೂ ಇಪ್ಪತ್ತರ ಬಸ್ಸಿನಲ್ಲಿ ಬರುತ್ತೇನೆ. ನಿನ್ನ ಗೇಟಿನ ಹತ್ತಿರ ಇಳಿಯುತ್ತೇನೆ. ಮುಂದಿನ ಬಸ್ಸು ಹನ್ನೆರಡೂ ಇಪ್ಪತ್ತಕ್ಕೆ, ಅಲ್ಲಿಯವರೆಗೂ ಆ ಹಳದಿ ಪೆಟ್ಟಿಗೆಯ ಪಕ್ಕ ನಿಂತಿರುತ್ತೇನೆ. ಚೀಲದಲ್ಲಿ ಕತ್ತರಿ ಇರುತ್ತದೆ, ಲೌರಿಯ ಬಾಚಣಿಗೆಯೂ ಇರುತ್ತದೆ. ನೀನು ಗೇಟು ತೆರೆಯಬೇಕೆಂದು ಕೇಳುತ್ತಿಲ್ಲ. ಕಿಟಕಿಯಿಂದ ಒಂದು ಸಲ ನೋಡು, ಈ ಸಲ ನಾನು ನಿಂತಿದ್ದೇನೆ ಎಂದು ನಿನಗೆ ಗೊತ್ತಾದರೆ ಸಾಕು.